ಅತ್ತೆಯ ದೋಣಿಯಲ್ಲಿ ಯಾರೂ ಇಲ್ಲ

ನಮ್ಮ ಸೋದರತ್ತೆ ತಿಂಗಳಿಗೊಂದು ಭಾನುವಾರ, ತೀರಿಹೋದ ಗಂಡನನ್ನು ದೋಣಿಯಲ್ಲಿ ಕೂರಿಸಿ, ಆ ದೋಣಿಯನ್ನು ಜೀಪಿನ ಹಿಂದೆ ಕಟ್ಟಿಕೊಂಡು, ಬನಶಂಕರಿಯಿಂದ ಹೊರಟು ಜೆ.ಪಿ. ನಗರವೆಲ್ಲ ಸುತ್ತಿಸಿ ತರುತ್ತಾರೆ ಎಂಬ ಮಾತು ನಮ್ಮ ಬಳಗದಲ್ಲಿ ಚಾಲ್ತಿಯಲ್ಲಿದೆ. ಹೇಳುವವರು ದನಿ ತಗ್ಗಿಸಿ, ಕಣ್ಣು ಅಗಲಿಸಿ, ಇನ್ನೊಂದು ಲೋಟ ಕಾಫಿ ಬಗ್ಗಿಸಿಕೊಂಡು ಹೇಳುತ್ತಾರೆ. ನಾನಾದರೋ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಮೊದಲ ವಾಕ್ಯದಲ್ಲೇ ತಪ್ಪು ಹುಡುಕಿ ಬೆಳೆದವಳು. ಹಾಗಾಗಿ ಹೇಳಿಬಿಡುತ್ತೇನೆ, ಈ ಮಾತು ಅಪ್ಪಟ ಸುಳ್ಳು. ಮಾಮ ದೋಣಿಯಲ್ಲಿ ಕೂರುವುದೇ ಇಲ್ಲ. ಅವರು ಕೂರುವುದು ಜೀಪಿನ ಮುಂದಿನ ಸೀಟಿನಲ್ಲಿ, ಬೆಲ್ಟು ಹಾಕಿಕೊಂಡು.

ಗಾಬರಿಯಾಗಬೇಡಿ. ನನಗೆ ದೆವ್ವದಲ್ಲಿ ನಂಬಿಕೆಯಿಲ್ಲ. ಆದರೆ ಒಂದು ಕಥೆಯನ್ನು ಅಲ್ಲಗಳೆಯಬೇಕಾದರೆ ಮೊದಲು ಅದನ್ನು ಸರಿಯಾಗಿ ಹೇಳಬೇಕಲ್ಲ?

ಬನಶಂಕರಿಯಲ್ಲಿ ದೋಣಿ ಯಾಕೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಮಾಮನ ಮನೆತನ ಈ ಕಡೆಯ ಹಳೇ ಊರಿನದು. ಅವರ ತಾತ ರಾಗಿ ಬೆಳೆದ ಜಾಗದಲ್ಲಿ ಮಾಮ ಬಾಡಿಗೆ ಬೆಳೆದರು. ಬಾಡಿಗೆಗೆ ಕಳೆ ಕೀಳುವ ಕೆಲಸವಿಲ್ಲ, ಆದ್ದರಿಂದ ಕೈತುಂಬ ಬಿಡುವು. ವಯಸ್ಸಾದ ಮೇಲೆ ಮೀನು ಹಿಡಿಯುವ ಹುಚ್ಚು ಹತ್ತಿತು. ಗಾಳ ಹಿಡಿದು ದಡದಲ್ಲಿ ಕೂತರೆ ಸಾಕಿತ್ತು. ಮಾಮ ಮಾತ್ರ ಫೈಬರ್ ದೋಣಿ, ಅದನ್ನೆಳೆಯಲು ಎರಡು ಗಾಲಿಯ ಟ್ರೈಲರ್, ಜೊತೆಗೆ ಮೀನು ತೋರಿಸುವ ಯಂತ್ರ, ಎಲ್ಲವನ್ನೂ ತಂದರು. ಯಂತ್ರವೆಂದರೆ ದೋಣಿಯ ಮುಂಭಾಗದಲ್ಲಿ ಒಂದು ಪರದೆ, ಹಿಂಭಾಗದಲ್ಲಿ ನೀರಿಗೆ ಇಳಿಬಿಟ್ಟ ಹಿಡಿಗಾತ್ರದ ಕರಿ ಡಬ್ಬಿ. ಡಬ್ಬಿ ನೀರಿನೊಳಗೆ ಶಬ್ದ ಬಿಡುತ್ತದೆ, ಶಬ್ದ ಕೆಳಗಿರುವುದಕ್ಕೆಲ್ಲ ಬಡಿದು ಮರಳುತ್ತದೆ, ಮೀನು ಎಲ್ಲಿದೆ ಎಂದು ಪರದೆ ತೋರಿಸುತ್ತದೆ. ಜೊತೆಗೆ ದೋಣಿ ಹೋದಲ್ಲೆಲ್ಲ ನಕ್ಷೆಯ ಮೇಲೆ ಒಂದು ಗೆರೆ ಎಳೆಯುತ್ತ ಬರುತ್ತದೆ.

ಮೀನು ಎಲ್ಲಿದೆ ಎಂದು ಕರಾರುವಾಕ್ಕಾಗಿ ತಿಳಿದುಕೊಂಡು ಅದನ್ನು ಅಲ್ಲೇ ಬಿಟ್ಟು ಬರುವುದರಲ್ಲಿ ಮಾಮ ಪಳಗಿದ್ದರು. ವಾಪಸು ಬರುವ ದಾರಿಯಲ್ಲಿ ಅಂಗಡಿಯಿಂದ ಮೀನು ತಂದು, ತಾವೇ ಹಿಡಿದದ್ದೆಂದು ಅತ್ತೆಯ ಕೈಗಿಡುತ್ತಿದ್ದರು.

"ಕೆರೆ ಮೀನೂ ಈಗ ಹೊಟ್ಟೆ ಕ್ಲೀನ್ ಮಾಡಿಸ್ಕೊಂಡು, ಪೀಸ್ ಮಾಡಿಸ್ಕೊಂಡೇ ಗಾಳಕ್ಕೆ ಬೀಳ್ತವೇನ್ರೀ?" ಎಂದು ಅತ್ತೆ ಕೇಳಿದರೆ, "ಬೆಂಗ್ಳೂರ್ ಮೀನು ಕಣೆ, ತುಂಬಾ ಬಿಜಿ" ಎನ್ನುವರು.

ಮೀನಿನ ವಿಷಯದಲ್ಲಿ ಸುಳ್ಳಾಡಿದರೂ ಯಂತ್ರದ ವಿಷಯದಲ್ಲಿ ಮಾಮ ಹರಿಶ್ಚಂದ್ರ. ರಸ್ತೆಗಿಳಿಯುವ ಮೊದಲು ಪರದೆ ಬಿಚ್ಚಬೇಕು, ವೈರಿನ ಬಾಯಿಗೆ ಧೂಳು ಹೋಗಬಾರದು, ಹಂಪ್ ಬಂದರೆ ಬಸುರಿಯನ್ನು ಕರೆದೊಯ್ಯುವಂತೆ ದಾಟಿಸಬೇಕು. ಕೆರೆಯ ಬಂಡೆಗೆ ಬಡಿದರೂ ಬದುಕುವ ಯಂತ್ರ ನಮ್ಮ ಬಡಾವಣೆಯ ಹಂಪುಗಳಿಗೆ ಬದುಕುವುದಿಲ್ಲ ಎಂಬುದು ಅವರ ಸಿದ್ಧಾಂತ.

ಕಳೆದ ವರ್ಷ ಒಂದು ಬೆಳಗ್ಗೆ ಕನಕಪುರ ರಸ್ತೆಯಾಚೆಯ ಒಂದು ಕೆರೆಗೆ ಒಬ್ಬರೇ ಹೋದರು. ದೋಣಿಯಲ್ಲಿ ಕೂತು ಬುತ್ತಿ ಉಂಡ ಮೇಲೆ ಎದೆಬಡಿತ ನಿಂತುಹೋಗಿತ್ತು. ದೋಣಿ ಗಾಳಿಗೆ ತೇಲಿ ಆಚೆ ದಡದ ಜೊಂಡಿಗೆ ಹೋಗಿ ಸಿಕ್ಕಿಕೊಂಡಿತ್ತು. ದನ ಕಾಯುವವರು ನೋಡುವವರೆಗೆ ಅದು ಅಲ್ಲೇ ಮೆಲ್ಲಗೆ ತೂಗುತ್ತಿತ್ತಂತೆ, ಒಳಗೆ ಕೂತವರೂ. ಮಾಮ ಆಂಬುಲೆನ್ಸಿನಲ್ಲಿ ಮನೆಗೆ ಬಂದರು. ದೋಣಿಯನ್ನು ಅವರ ಸ್ನೇಹಿತರು ಎಳೆದು ತಂದರು. ಯಂತ್ರದ ಬ್ಯಾಟರಿ ವೈರು ಕಿತ್ತದ್ದು ಬಿಟ್ಟರೆ ಯಾರೂ ಪರದೆ ಬಿಚ್ಚಿರಲಿಲ್ಲ, ಏನನ್ನೂ ಮುಚ್ಚಿರಲಿಲ್ಲ. ಅಷ್ಟು ಜನ ಅಳುತ್ತಿದ್ದಾಗ ಅತ್ತೆ ಪೋರ್ಟಿಕೋಗೆ ಹೋಗಿ ಸೆರಗಿನಿಂದ ಆ ಪರದೆಯ ಧೂಳು ಒರೆಸುತ್ತ ನಿಂತದ್ದನ್ನು ನಾನೇ ನೋಡಿದ್ದೇನೆ.

ಮೊನ್ನೆ ಬಿಳೇಕಹಳ್ಳಿಯಲ್ಲಿರುವ ಅತ್ತೆಯ ಮಗಳು ಫೋನ್ ಮಾಡಿದಳು. ನಾನು ಅವಳನ್ನು ಅಕ್ಕ ಎನ್ನುತ್ತೇನೆ.

"ದೋಣಿ ಮಾರಿಸ್ಬೇಕು ಕಣೆ. ಮೇಲ್ಗಡೆ ಮನೆಯೋರು ಖಾಲಿ ಮಾಡ್ತೀವಿ ಅಂತಿದಾರೆ. ಸಂಜೆಯಾದ್ರೆ ಅಮ್ಮ ಪೋರ್ಟಿಕೋದಲ್ಲಿ ದೋಣಿ ಹತ್ತಿ ಕೂತು ಯಾರ ಜೊತೆಗೋ ಮಾತಾಡ್ತಾಳಂತೆ. ಇಸ್ತ್ರಿ ಅಂಗಡಿ ಅಣ್ಣ ಬೇರೆ, ದೋಣೀಲಿ ಸಾರ್ ಕೂತಿದ್ದು ನೋಡ್ದೆ ಅಂತ ರೋಡಿಗೆಲ್ಲ ಹೇಳಿದಾನೆ. ನೀನು ಎಲ್ಲಾ ಕಡೆ ವಾದ ಮಾಡಿ ಗೆಲ್ತೀಯಲ್ಲ, ಬಂದು ಇಲ್ಲೂ ಗೆಲ್ಲು."

ಇಂಥ ಆಹ್ವಾನವನ್ನು ಯಾರು ತಾನೆ ಬಿಡುತ್ತಾರೆ? ಭಾನುವಾರ ಬೆಳಗ್ಗೆ ಹೋದೆ. ಅತ್ತೆ ದೋಣಿ ಹೊರಡಿಸುತ್ತಿದ್ದರು.

"ಬಾ ಲಾಯರಮ್ಮ. ನಿಮ್ಮಕ್ಕ ಕಳ್ಸಿದ್ಲಾ?"

"ಸುಮ್ನೆ ಬಂದೆ ಅತ್ತೆ."

"ಸುಮ್ನೆ ಬರೋಳೇ ಅಲ್ಲ ನೀನು. ಈ ಹಗ್ಗ ಹಿಡ್ಕೋ."

ಹಗ್ಗ ಹಿಡಿದುಕೊಂಡು ಸಾಕ್ಷ್ಯ ಸಂಗ್ರಹಿಸಿದೆ. ಗಾಲಿ ನಿಂತಲ್ಲೇ ನಿಂತರೆ ಟೈರು ಒಂದೇ ಕಡೆ ಚಪ್ಪಟೆಯಾಗುತ್ತದೆ, ತಿಂಗಳಿಗೊಮ್ಮೆಯಾದರೂ ಓಡಿಸಬೇಕೆಂದು ಮಾಮ ಹೇಳಿದ್ದರಂತೆ. ಅದಕ್ಕೇ ಈ ಸವಾರಿ. ಕೆರೆಯ ಕಡೆ ಮಾತ್ರ ಜೀಪು ತಿರುಗುವುದಿಲ್ಲ. ಪರದೆ ಬಿಚ್ಚಿದ ಮೇಲೆ ಉಳಿಯುವ ವೈರಿನ ಬಾಯಿಗಳಿಗೆ ಹಾಲಿನ ಕವರು, ರಬ್ಬರ್ ಬ್ಯಾಂಡು. ಅವುಗಳ ಮೇಲೆ ಸ್ನಾನದ ಶವರ್ ಕ್ಯಾಪ್. ಹಿಂದಿನ ಕರಿ ಡಬ್ಬಿಗೆ ಅಕ್ಕನ ಮಗು ಹಾಕಿ ಬಿಟ್ಟ ಉಣ್ಣೆ ಕುಲಾವಿ. ಪರದೆ ಕೂರಿಸುವ ಕಂಬಕ್ಕೆ ಧೂಳು ತಾಗದಂತೆ ಮಾಮನ ಜರ್ಕಿನ್, ಟೋಪಿ ಸಮೇತ, ಎರಡೂ ತೋಳನ್ನು ದೋಣಿಯ ಸ್ಟೇರಿಂಗಿಗೆ ಸುತ್ತಿ ಗಂಟು.

ಇಸ್ತ್ರಿ ಅಂಗಡಿಯ ಅಣ್ಣ ಕಂಡದ್ದು ಏನೆಂದು ಈಗ ನಿಮಗೂ ಗೊತ್ತಾಯಿತು. ದೆವ್ವದ ಅರ್ಧಭಾಗ ಅಲ್ಲಿಗೇ ಮುಗಿಯಿತು ಅಂದುಕೊಂಡೆ.

ಪರದೆಯನ್ನೂ ಬ್ಯಾಟರಿಯನ್ನೂ ಒಂದೇ ಕಂಬಳಿಯಲ್ಲಿ ಸುತ್ತಿ ಅತ್ತೆ ಮುಂದಿನ ಸೀಟಿನಲ್ಲಿಟ್ಟರು. ನಾನು ಅತ್ತ ಕಾಲಿಟ್ಟೆ.

"ಹಿಂದೆ ಕೂತ್ಕೋ. ಮುಂದೆ ಜಾಗ ಇಲ್ಲ."

ಜೀಪು ಹೊರಟಿತು. ಕುಯ್ ಕುಯ್ ಎಂದು ಕೂಗತೊಡಗಿತು. ಅತ್ತೆ ಕೈ ಚಾಚಿ ಕಂಬಳಿಯ ಮೇಲೆ ಬೆಲ್ಟು ಎಳೆದು ಸಿಕ್ಕಿಸಿದರು. ಕೂಗು ನಿಂತಿತು.

"ನೋಡ್ದಾ? ಗಾಡಿಗೇ ಗೊತ್ತಾಗುತ್ತೆ ಯಾರೋ ಕೂತಿದಾರೆ ಅಂತ."

"ಅದು ತೂಕ ಅತ್ತೆ. ಸೀಟಿನ ಕೆಳಗೆ ಸೆನ್ಸರ್ ಇರುತ್ತೆ. ಬ್ಯಾಟರಿ ಭಾರಕ್ಕೆ ಕೂಗುತ್ತೆ ಅಷ್ಟೇ."

"ನೀನು ಕೂತ್ರೂ ತೂಕ ನೋಡೇ ತಾನೆ ಕೂಗೋದು? ನೀನು ಇದೀಯ ತಾನೆ?"

ಮೊದಲ ಸುತ್ತು ಅತ್ತೆಗೆ.

ಜೆ.ಪಿ. ನಗರದ ಒಂದು ಸಿಗ್ನಲ್‌ನಲ್ಲಿ ಟ್ರಾಫಿಕ್ ಪೊಲೀಸರೊಬ್ಬರು ಕಿಟಕಿ ತಟ್ಟಿದರು.

"ಮೇಡಂ, ಹಿಂದ್ಗಡೆ ದೋಣೀಲಿ ಜನ ಕೂರ್ಸೋ ಹಾಗಿಲ್ಲ. ಅವರನ್ನ ಇಳ್ಸಿ."

"ಜನ ಅಲ್ಲ ಸಾರ್, ಜರ್ಕಿನ್" ಎಂದೆ ನಾನು.

ಅವರು ನಂಬಲಿಲ್ಲ. ಹೋಗಿ ಟೋಪಿ ಎತ್ತಿ ನೋಡಿದರು. ಮುಖವಿರಬೇಕಾದ ಕಡೆ ಗುಲಾಬಿ ಹೂವಿನ ಶವರ್ ಕ್ಯಾಪ್ ಇತ್ತು. ಟೋಪಿಯನ್ನು ಹಾಗೇ ಮೆಲ್ಲಗೆ ಇಳಿಸಿ, ಎರಡು ಹೆಜ್ಜೆ ಹಿಂದೆ ಸರಿದು, ಯಾಕೋ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಹೋಗಿ ಎಂದು ಸನ್ನೆ ಮಾಡಿದರು. ನನಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಹಿಂದಿನ ಗಾಜಿನಿಂದ ನೋಡಿದೆ. ಜರ್ಕಿನ್ನಿನ ತಲೆ ಪೂರ್ತಿ ಎಡಕ್ಕೆ ಹೊರಳಿ, ನಿಂತಿದ್ದ ಪೊಲೀಸರನ್ನೇ ನೋಡುತ್ತಿತ್ತು. ಗಾಳಿ. ಗಾಳಿಯಲ್ಲದೆ ಇನ್ನೇನು? ಅತ್ತೆ ಹಂಪ್ ದಾಟಿಸುತ್ತ ಕಂಬಳಿಯ ಮೇಲೆ ಎಡಗೈ ಇಟ್ಟು, "ನಿಧಾನ, ನಿಧಾನ" ಎನ್ನುತ್ತಿದ್ದರು. ಜೀಪು ಓಡಿಸುತ್ತಿದ್ದವರು ಅವರೇ. ನಿಧಾನ ಎಂದದ್ದು ಯಾರಿಗೆ?

ಮಧ್ಯಾಹ್ನದ ಊಟದ ನಂತರ ನಾನು ದೋಣಿ ಮಾರುವ ಮಾತೆತ್ತಿದೆ. ಬಾಡಿಗೆದಾರರ ಹಕ್ಕು, ಪಾರ್ಕಿಂಗ್ ಸಮಸ್ಯೆ, ನಿರುಪಯೋಗಿ ವಸ್ತುವಿನ ಸವಕಳಿ ಎಂದು ಕ್ರಮವಾಗಿ ಮಂಡಿಸಿದೆ. ಅತ್ತೆ ಪೂರ್ತಿ ಕೇಳಿದರು.

"ಸಖತ್ತಾಗಿ ಮಾತಾಡ್ತೀಯ. ಸಂಜೆವರೆಗೂ ಇದ್ದು ಹೋಗು. ಆಮೇಲೆ ನೀನೇ ಹೇಳು, ಮಾರ್ತೀನಿ."

ದೀಪ ಹಚ್ಚುವ ಹೊತ್ತಿಗೆ ಇಬ್ಬರೂ ಪೋರ್ಟಿಕೋದಲ್ಲಿ ನಿಂತ ದೋಣಿ ಹತ್ತಿದೆವು. ಅತ್ತೆ ಪರದೆಯನ್ನು ಕಂಬಕ್ಕೆ ಕೂರಿಸಿ ವೈರು ಸಿಕ್ಕಿಸಿದರು. ರಸ್ತೆಯ ಮೇಲೆ ಯಂತ್ರವನ್ನು ಅವರು ಯಾವತ್ತೂ ಹಚ್ಚುವುದಿಲ್ಲ. ಹಚ್ಚಿದರೆ ಜೆ.ಪಿ. ನಗರದ ಬೀದಿಗಳೆಲ್ಲ ಗೆರೆಯಾಗಿ ಸೇರಿಕೊಂಡು ಮಾಮನಿಗೆ ದಾರಿ ತಪ್ಪುತ್ತದಂತೆ. ಪರದೆಯ ನೀಲಿ ಬೆಳಕು ಅತ್ತೆಯ ಗಲ್ಲದ ಮೇಲೆ ಬಿತ್ತು. ನಕ್ಷೆಯನ್ನು ಹತ್ತಿರ ಹತ್ತಿರ ಎಳೆದರು. ಮಧ್ಯದಲ್ಲಿ ದೋಣಿಯ ಗುರುತು, ಅದರ ಸುತ್ತ ಸಿಕ್ಕಾದ ದಾರದಂತೆ ಗೆರೆಗಳು. ನಾವು ಅಲುಗಾಡದೆ ಕೂತಿದ್ದೆವು. ದೋಣಿಯ ಗುರುತು ಹೊರಟಿತು.

"ಹಾಲ್ ದಾಟಿದ್ರು" ಎಂದರು ಅತ್ತೆ, ಮೆತ್ತಗೆ. ಸ್ವಲ್ಪ ಹೊತ್ತು ಬಿಟ್ಟು, "ಈಗ ಅಡುಗೆಮನೆ. ಹಸಿವಾಗಿರುತ್ತೆ."

ನಾನು ಕತ್ತು ತಿರುಗಿಸಿ ಅಡುಗೆಮನೆಯ ಕಡೆ ನೋಡಿಯೇಬಿಟ್ಟೆ. ವಾದಿಸುವವರಿಗೆ ಅಂಥ ಹೊತ್ತಿನಲ್ಲಿ ಬಾಯಿಯೇ ಆಸರೆ. "ಅತ್ತೆ, ಮೇಲೆ ಸೂರಿದೆ, ಸುತ್ತ ಗೋಡೆ ಇದೆ. ಉಪಗ್ರಹದ ಸಿಗ್ನಲ್ ಗೋಡೆಗಳಿಗೆ ಬಡಿದು ಬರುತ್ತೆ. ನಿಂತಿರೋ ದೋಣಿ ಓಡಾಡ್ತಿದೆ ಅಂತ ಯಂತ್ರಕ್ಕೆ ಭ್ರಮೆ ಅಷ್ಟೇ."

"ಹೂಂ. ಹಾಗಾದ್ರೆ ಒಂದ್ಸಲನಾದ್ರೂ ಪಕ್ಕದ ಮನೆಗೆ ಯಾಕೆ ಹೋಗಿಲ್ಲ?"

"ಹೋಗಿರುತ್ತೆ. ತೋರಿಸ್ತೀನಿ ಇರಿ."

ನಕ್ಷೆಯನ್ನು ಎಳೆದಾಡಿ ಹುಡುಕಿದೆ. ದೋಣಿಯಿಂದ ಅಳೆದು ನೋಡಿದರೆ ಪೋರ್ಟಿಕೋ, ಹಾಲ್, ಅಡುಗೆಮನೆ, ಹಿಂದಿನ ಬಟ್ಟೆ ಒಗೆಯುವ ಕಲ್ಲಿನವರೆಗೆ ಗೆರೆಗಳಿದ್ದವು. ಕಾಂಪೌಂಡಿನಾಚೆ ಒಂದೂ ಇರಲಿಲ್ಲ. ಒಂದಾದರೂ ಇದ್ದಿದ್ದರೆ ನನ್ನ ವಾದಕ್ಕೆ ಎಷ್ಟು ಅನುಕೂಲವಾಗುತ್ತಿತ್ತು.

ಅತ್ತೆ ನಕ್ಷೆಯನ್ನು ಕೆರೆಯ ಕಡೆಗೆ ಸರಿಸಿದರು. ಮಾಮನ ಕೊನೆಯ ದಿನದ ಗೆರೆ ಅಲ್ಲಿತ್ತು. ಒಂದು ಕಡೆ ಸಣ್ಣ ಗಂಟು, ಬುತ್ತಿ ಬಿಚ್ಚಿ ಉಂಡ ಜಾಗ. ಅಲ್ಲಿಂದ ಮುಂದೆ ಗೆರೆ ಬೇರೆಯೇ ಥರ, ಕೈಬಿಟ್ಟ ನೂಲಿನಂತೆ ಸಡಿಲವಾಗಿ ಜೊಂಡಿನವರೆಗೆ. ಆ ಗಂಟಿನೊಳಗೆ ಎಲ್ಲೋ ಒಂದು ಕಡೆ ದೋಣಿ ನಡೆಸುವವರು ಬದಲಾಗಿದ್ದರು. ಅದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಮೊದಲು ಇನ್ನೂ ಉದ್ದ ಇತ್ತು" ಎಂದರು ಅತ್ತೆ. "ದಡ ಬಿಟ್ಟು ಹೊರಟಿದ್ದು, ಬಂಡೆ ಸುತ್ತಿದ್ದು, ಎಲ್ಲಾ ಕಾಣ್ತಿತ್ತು. ಬರ್ತಾ ಬರ್ತಾ ಆ ತುದಿಯಿಂದ ಅಳಿಸ್ಕೊಂಡು ಬರ್ತಿದೆ."

ಯಂತ್ರದ ಕೈಪಿಡಿಯನ್ನು ಫೋನಿನಲ್ಲಿ ಹುಡುಕಿ ಓದಿದೆ. ಕಾರಣ ಸರಳವಾಗಿತ್ತು. ಗೆರೆಗಳಿಗೆ ಇರುವ ಜಾಗ ತುಂಬಿದರೆ, ಹೊಸದು ಬಂದಷ್ಟೂ ಹಳೆಯದು ಅಳಿಯುತ್ತದೆ. ಅಂದರೆ ಅತ್ತೆ ದಿನಾ ಸಂಜೆ ಇದನ್ನು ಹಚ್ಚಿ ಮಾಮ ಓಡಾಡುವುದನ್ನು ನೋಡಿದಷ್ಟೂ, ಮಾಮ ನಿಜವಾಗಿ ಹೋಗಿದ್ದ ದಾರಿ ತುಸು ತುಸುವೇ ಇಲ್ಲವಾಗುತ್ತಿತ್ತು. ಮಾರುವ ವಿಷಯ ನನಗೆ ಮರೆತೇಹೋಯಿತು.

"ಅತ್ತೆ, ಇದನ್ನ ದಿನಾ ಹಚ್ಬೇಡಿ. ಇಲ್ಲಿ ಗೆರೆ ಬೆಳೆದಷ್ಟೂ ಅಲ್ಲಿ ಅಳಿಯುತ್ತೆ. ಇನ್ನು ಉಳಿದಿರೋದೇ ಇಷ್ಟು."

"ನಾನು ಹೇಳ್ತಿರೋದೂ ಅದೇ ಅಲ್ವೇನೆ? ಅಲ್ಲಿ ಕಮ್ಮಿ ಆದಷ್ಟೂ ಇಲ್ಲಿ ಜಾಸ್ತಿ. ಬರ್ತಿದಾರೆ."

ಒಂದೇ ಸಾಕ್ಷ್ಯ, ಎರಡು ತೀರ್ಪು. ನಾನು ಮತ್ತೆ ಕೈಪಿಡಿಯ ಮೊರೆಹೋದೆ.

"ಇಲ್ಲೊಂದು ಬಟನ್ ಇದೆ ಅತ್ತೆ. ಒತ್ತಿದ್ರೆ ಕೆರೆ ಗೆರೆ ಸೇವ್ ಆಗುತ್ತೆ. ಆಮೇಲೆ ಯಂತ್ರ ಎಷ್ಟು ಹಚ್ಚಿದ್ರೂ ಅಳಿಯಲ್ಲ. ಯಾವತ್ತಿಗೂ ಇರುತ್ತೆ. ಒತ್ಲಾ?"

ಬೆರಳು ಬಟನ್ನಿನ ಮೇಲಿತ್ತು. ದೆವ್ವವನ್ನು ಓಡಿಸಲು ಬಂದವಳು ಅದನ್ನು ಉಳಿಸಿಕೊಳ್ಳಲು ಅನುಮತಿ ಕೇಳುತ್ತಿದ್ದೆ. ಗೇಟಿನ ಆಚೆ ಯಾರೋ ನಮ್ಮನ್ನು ಕಂಡು ಬೇಗ ಬೇಗ ಹೋದ ಚಪ್ಪಲಿ ಸದ್ದಾಯಿತು.

"ಯಾವತ್ತಿಗೂನಾ?" ಎಂದರು ಅತ್ತೆ.

"ಯಾವತ್ತಿಗೂ."

"ಆ ನೀರಲ್ಲೇ? ಒಬ್ಬರೇ?" ಅತ್ತೆ ನನ್ನ ಬೆರಳನ್ನು ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಅವರ ಕೈ ತಣ್ಣಗಿತ್ತು. "ಆವತ್ತು ಎಲ್ಲಾ ಸೇರಿ ಅವರನ್ನ ಎತ್ಕೊಂಡು ಬಂದ್ರಿ. ಅವರು ತಾವಾಗಿ ಮನೆಗೆ ಬರ್ಲೇ ಇಲ್ಲ ಕಣೆ. ಉಳಿದಿದ್ದೂ ಬರ್ಲಿ ಬಿಡು."

ಆ ಜೊಂಡಿನವರೆಗಿನ ಸಡಿಲ ಗೆರೆಯೂ ಒಂದು ದಿನ ಅಳಿಯುತ್ತದೆ. ಆಮೇಲೆ ಕೆರೆಯಲ್ಲಿ ಏನೂ ಇರುವುದಿಲ್ಲ, ಈ ಮನೆಯಲ್ಲಿ ಮಾತ್ರ ಇರುತ್ತದೆ. ಫೋನು ನಡುಗಿತು. ಅಕ್ಕ, ಗೆದ್ದೆಯಾ ಎಂದು ಕೇಳಲು ಮಾಡಿದ್ದಳು. ಎತ್ತಲಿಲ್ಲ.

ಅತ್ತೆ ನಕ್ಷೆಯನ್ನು ಮತ್ತೆ ಮನೆಯ ಮೇಲೆ ತಂದು ನಿಲ್ಲಿಸಿ, ಪರದೆಯ ಮೇಲೆಯೇ ಕಣ್ಣು ನೆಟ್ಟು ಕೂತರು. ನಾನು ಕೂತಿದ್ದ ಕಡೆಯಿಂದ ಬೆಳಕು ಕಾಣುತ್ತಿತ್ತು, ಗೆರೆ ಕಾಣುತ್ತಿರಲಿಲ್ಲ. ಅವರ ಕಣ್ಣು ಏನನ್ನೋ ಹಿಂಬಾಲಿಸುತ್ತ ನಿಧಾನವಾಗಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಬಂತು, ಮತ್ತೆ ನಿಂತಿತು. ನಾನು ಹಲಗೆಯ ಮೇಲೆ ಒಂದಿಷ್ಟು ಪಕ್ಕಕ್ಕೆ ಸರಿದು ಕೂತೆ.

"ಅತ್ತೆ," ಎಂದೆ, "ಮಾಮ ಈಗ ಎಲ್ಲಿದಾರೆ?"