ಮಜ್ಜಿಗೆ ಕಂಬದ ಸೊಂಟ

ಹಳೆಯ ಮರ ಕೊಳ್ಳಲು ಹೊರಟವರಿಗೆ ನನ್ನದೊಂದು ಕಿವಿಮಾತು: ಮೆಚ್ಚಿದ್ದನ್ನು ಮುಖದಲ್ಲಿ ತೋರಿಸಬೇಡಿ. ಬಾಗಿಲು ಎಷ್ಟೇ ಚೆನ್ನಾಗಿರಲಿ, ಅದರ ಹಿಂಬದಿಗೆ ಹೋಗಿ, ಬೆರಳಿನಿಂದ ತಟ್ಟಿ, "ಅಯ್ಯೋ" ಎಂದು ಉಸಿರು ಬಿಡಿ. ಸಣ್ಣ ಬಿರುಕು ಸಿಕ್ಕರೆ ಮತ್ತೆ ಮತ್ತೆ ಅಲ್ಲಿಗೇ ಬೆರಳಿಡಿ. ಮಾರುವವನ ದನಿ ತಾನಾಗಿ ತಗ್ಗುತ್ತದೆ. ಬರಿಗೈಯಲ್ಲಿ ದಾವಣಗೆರೆಗೆ ಬಂದ ನಾನು, ಕೆಡವಿದ ಮನೆಗಳ ಕಂಬ, ತೊಲೆ, ಬಾಗಿಲು ಮಾರುವ ಅಂಗಡಿ ಕಟ್ಟಿದ್ದು ಈ ಒಂದು ವಿದ್ಯೆಯಿಂದ. ಕೊಳ್ಳುವಾಗ ಐಬು ಹುಡುಕುವುದು, ಮಾರುವಾಗ ಅದೇ ಐಬನ್ನು ಮುಚ್ಚುವುದು. ಮರದ ಹೊಟ್ಟಿಗೆ ಅಂಟು ಕಲಸಿ ಮೆತ್ತಿ, ಉಪ್ಪುಕಾಗದದಿಂದ ತಿಕ್ಕಿ, ಪಾಲಿಶ್ ಕೊಟ್ಟರೆ ಬಿರುಕು ಎಲ್ಲಿತ್ತೆಂದು ನನಗೇ ತಿಳಿಯುವುದಿಲ್ಲ. ಮೋಸ ಎನ್ನಬೇಡಿ. ಹೆಣ್ಣು ನೋಡಲು ಹೋದ ದಿನ ನಮ್ಮ ಸೋದರಮಾವ ನನ್ನ ಮುಖಕ್ಕೂ ಪೌಡರು ಬಳಿದಿದ್ದ.

ಈ ವಿದ್ಯೆಗೆ ಮೊದಲ ಪೆಟ್ಟು ಕೊಟ್ಟವನು ನನ್ನ ಹೆಂಡತಿ ಗೌರಮ್ಮನ ತಮ್ಮ, ಹರಿಹರದಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದ ಚನ್ನಬಸಪ್ಪ. ವಾಚನಾಲಯದ ಯಾವುದೋ ಪತ್ರಿಕೆಯಲ್ಲಿ ಜಪಾನಿನ ಮರದ ಶಿಲ್ಪಗಳ ಚಿತ್ರ ನೋಡಿದಾಗಿನಿಂದ ಅವನಿಗೆ ಹೊಸ ಮರ ಕಂಡರೆ ಆಗುತ್ತಿರಲಿಲ್ಲ. ಸವೆದದ್ದು, ಸೀಳಿದ್ದು, ಮಳೆಗೆ ಬಣ್ಣ ಕಳೆದುಕೊಂಡದ್ದೇ ಬೇಕು. ಬಚ್ಚಲ ಒಲೆಗೆಂದು ನಾನು ಎಸೆದ ತುಂಡುಗಳನ್ನು ಕೂಸಿನಂತೆ ಎತ್ತಿಕೊಂಡು, "ಭಾವ, ಈ ಬಿರುಕು ನೋಡ್ರಿ, ಎಷ್ಟು ಚಂದ ಐತೆ!" ಎಂದು ಅಂಗಡಿಯಲ್ಲೇ ಕೂಗುತ್ತಿದ್ದ.

"ಮೆಲ್ಲಗೆ ಅನ್ನಪ್ಪ, ಗಿರಾಕಿ ಕೂತಾರೆ" ಎಂದು ನಾನು ಹಲ್ಲು ಕಚ್ಚುತ್ತಿದ್ದೆ.

ಆ ವರ್ಷ ಹರಿಹರದಲ್ಲಿ ಮಾವನವರ ಹಳೆ ಮನೆ ಕೆಡವಿ ಹೊಸದು ಕಟ್ಟಿಸಿದರು. ಮರಮುಟ್ಟು ನನ್ನ ಅಂಗಡಿಗೆ ಬಂತು. ಅಡುಗೆಮನೆಯ ಒಂದು ಕಂಬ ಮಾತ್ರ ಯಾವ ಗಿರಾಕಿಗೂ ಬೇಡವಾಯಿತು. ತೀರಿಹೋದ ನಮ್ಮ ಅತ್ತೆ ಜೀವಮಾನವಿಡೀ ಆ ಕಂಬಕ್ಕೇ ಕಡಗೋಲು ಕಟ್ಟಿ ಮಜ್ಜಿಗೆ ಕಡೆದವರು. ಹಗ್ಗ ತಿಂದು ತಿಂದು ಕಂಬದ ನಡುವೆ ಸೊಂಟದಂತೆ ಒಂದು ತಗ್ಗು ಬಿದ್ದಿತ್ತು. ಅದನ್ನು ಚನ್ನಬಸಪ್ಪ ಕೇಳಿ ಒಯ್ದ. ಎರಡು ತಿಂಗಳಾದ ಮೇಲೆ ಗಾಡಿಯಲ್ಲಿ ಹೇರಿಕೊಂಡು ಮರಳಿ ಅಂಗಡಿಗೇ ತಂದ. ಮರುದಿನ ದಾವಣಗೆರೆಯ ಶಾಲೆಯೊಂದರಲ್ಲಿ ಮಾಸ್ತರುಗಳ ಕಲಾಪ್ರದರ್ಶನ. ನಾಲ್ಕು ಜನರೆದುರು ಅವನು ತನ್ನ ಕೆಲಸ ಇಡುತ್ತಿದ್ದದ್ದು ಅದೇ ಮೊದಲು.

ಸುತ್ತು ಹಾಕಿ ನೋಡಿದೆ. ಕಂಬದ ತಲೆಯನ್ನು ಓರೆಯಾಗಿ ಕೊಯ್ದು, ಬುಡಕ್ಕೆ ಹೊಳೆಯ ಕಲ್ಲೊಂದನ್ನು ಕೊಟ್ಟಿದ್ದ. ಅಷ್ಟೇ.

"ಎರಡು ತಿಂಗಳು ಏನ್ ಮಾಡ್ದೆಪ್ಪ?"

"ಏನು ಮಾಡಬಾರದು ಅಂತ ನೋಡ್ತಾ ಕೂತಿದ್ದೆ ಭಾವ."

"ಅದನ್ನ ನಮ್ಮ ಗುಮಾಸ್ತ ದಿನಾ ಮಾಡ್ತಾನೆ. ಅವನ್ನ ಯಾರೂ ಕಲಾವಿದ ಅನ್ನಲ್ಲ."

ಅವನು ನಕ್ಕ. "ಜಪಾನಿನೋರು ಸವೆದಿದ್ದನ್ನ ಸವೆದಂಗೇ ಬಿಡ್ತಾರ್ರಿ. ನೀವು ಮಾತ್ರ ಮುಟ್ಟಬ್ಯಾಡ್ರಿ ಮತ್ತೆ!" ಎಂದು ಹೇಳಿ ಅಕ್ಕನನ್ನು ಕಾಣಲು ಮನೆಗೆ ಹೋದ.

ಮುಟ್ಟಬೇಡಿ ಎಂದರೆ ಸುಮ್ಮನಿರುವ ಕೈಯಾಗಿದ್ದರೆ ನಾನು ಊರಲ್ಲೇ ಇರುತ್ತಿದ್ದೆ. ನಾಳೆ ದೊಡ್ಡವರೆಲ್ಲ ಬರುತ್ತಾರೆ, ಹುಡುಗನ ಮಾನ ಹೋಗಬಾರದು. ಪ್ರೀತಿಯಿಂದಲೇ ಅಂಗಿಯ ತೋಳು ಮಡಿಚಿದೆ. ಹೊಟ್ಟು, ಅಂಟು, ಉಪ್ಪುಕಾಗದ, ಪಾಲಿಶ್. ಸಂಜೆಗೆ ಕಂಬ ಮದುಮಗನಂತೆ ಹೊಳೆಯುತ್ತಿತ್ತು. ಸೊಂಟವೇ ಇಲ್ಲ.

ಬೆಳಿಗ್ಗೆ ಅಕ್ಕ ತಮ್ಮ ಇಬ್ಬರೂ ಅಂಗಡಿಗೆ ಬಂದರು. ಚನ್ನಬಸಪ್ಪ ಕಂಬ ನೋಡಿದವನೇ ಒಂದು ತೊಲೆಯ ಮೇಲೆ ಕೂತುಬಿಟ್ಟ. ಬೈದಿದ್ದರೆ ಉತ್ತರ ಕೊಡುತ್ತಿದ್ದೆ. ಗೌರಮ್ಮ ಕಂಬವನ್ನು ಮೇಲಿಂದ ಕೆಳಗೆ ಸವರುತ್ತ ಏನನ್ನೋ ಹುಡುಕಿದಳು.

"ನಮ್ಮವ್ವನ ಹಗ್ಗದ ಜಾಗ ಎಲ್ಲೈತ್ರಿ?"

"ಮುಚ್ಚಿದೆ" ಎಂದೆ. ಹೆಮ್ಮೆಯಿಂದ ಆಡಬೇಕೆಂದಿದ್ದ ಮಾತು ಮೆಲ್ಲಗೆ ಹೊರಬಿತ್ತು.

"ತೆಗೀರಿ."

ಪ್ರದರ್ಶನ ಮಧ್ಯಾಹ್ನಕ್ಕೆ. ನಾನು ಉಳಿ ಹಿಡಿದು ಕೂತೆ. ನನ್ನ ಕೆಲಸ ಎಷ್ಟು ಗಟ್ಟಿಯೆಂದು ಅಂದೇ ನನಗೆ ತಿಳಿದದ್ದು. ಹಿಡಿದ ಅಂಟು ಬಿಡಲೊಲ್ಲದು. ಗೌರಮ್ಮ ತುರುಬಿನ ಪಿನ್ನು ಕಿತ್ತು ಪಕ್ಕದಲ್ಲಿ ಕೂತು ತಾನೂ ಕೆರೆದಳು. ಬಂದ ಗಿರಾಕಿಗಳನ್ನು ಗುಮಾಸ್ತ ಹೊರಗಿನಿಂದಲೇ ಕಳಿಸಿದ. ಹೊಟ್ಟೆಲ್ಲ ಉದುರಿ ತಗ್ಗು ಮತ್ತೆ ಕಂಡಿತು ಎನ್ನುವಷ್ಟರಲ್ಲಿ ನನ್ನ ಉಳಿ ಜಾರಿ, ಅದರ ಅಂಚಿಗೆ ಬೆಳ್ಳಗೆ ಒಂದು ಗೀರು ಬಿತ್ತು. ಕಳ್ಳನಂತೆ ಕೈ ಎತ್ತಿ ನಿಂತೆ.

ಚನ್ನಬಸಪ್ಪ ಎದ್ದು ಬಂದು ಗೀರಿನ ಮೇಲೆ ಬೆರಳಾಡಿಸಿದ. "ಇರ್ಲಿ ಬಿಡ್ರಿ ಭಾವ. ಅವ್ವ ಜೀವಮಾನ ಸವೆಸಿದ್ದು, ನೀವು ಒಂದ್ ಹೊತ್ತು ಬೆವರಿದ್ದು. ಎರಡೂ ಇರ್ಲಿ." ಗೌರಮ್ಮ ತಗ್ಗಿನಲ್ಲಿ ಅಂಗೈ ಇಟ್ಟು, ಅಂಟಿದ್ದ ಹೊಟ್ಟಿನ ಪುಡಿಯನ್ನು ಸೆರಗಿನಿಂದ ಒರೆಸಿದಳು. ಸಲಹೆ ಕೊಡಬೇಕೆಂದು ನನಗೆ ಅನ್ನಿಸದೇ ಇದ್ದದ್ದು ಆಗೊಮ್ಮೆ ಮಾತ್ರ.

ಪ್ರದರ್ಶನದಲ್ಲಿ ಮಲೆಬೆನ್ನೂರಿನ ವ್ಯಾಪಾರಿಯೊಬ್ಬರು ಕಂಬದ ಹಿಂಬದಿಗೆ ಹೋದರು, ಬೆರಳಿನಿಂದ ತಟ್ಟಿದರು, "ಅಯ್ಯೋ" ಎಂದು ಉಸಿರು ಬಿಟ್ಟರು. "ಇಲ್ಲೊಂದು ಉಳಿ ಏಟು ಐತಲ್ರಿ. ನೋಡಿ ಕಡಿಮೆ ಮಾಡಿಕೊಡ್ರಿ" ಎಂದರು.

ಚನ್ನಬಸಪ್ಪ ಬಾಯಿ ತೆರೆಯುವ ಮೊದಲೇ ನಾನು ನುಗ್ಗಿದೆ: "ಅದು ಐಬಲ್ರೀ ಯಜಮಾನ್ರೇ, ಕಂಬದಾಗೆ ಅದೇ ಮುಖ್ಯ. ಇದು ಮಾರೋದಲ್ಲ!"

ಅದನ್ನು ಚನ್ನಬಸಪ್ಪ ಅಕ್ಕನಿಗೇ ಕೊಟ್ಟ. ಈಗ ನಮ್ಮ ಪಡಸಾಲೆಯಲ್ಲಿ ನಿಂತಿದೆ. ಮನೆಗೆ ಬಂದವರಿಗೆ ಗೌರಮ್ಮ ತನ್ನ ತಾಯಿಯ ಹಗ್ಗದ ತಗ್ಗನ್ನು ತೋರಿಸುತ್ತಾಳೆ. ಅವಳು ಕಾಫಿ ತರಲು ಒಳಗೆ ಹೋಗುವುದನ್ನೇ ಕಾದಿದ್ದು, ನಾನು ನನ್ನ ಗೀರನ್ನು ತೋರಿಸುತ್ತೇನೆ.