ಎರಡು ಬಸ್ಸು, ಒಂದು ತಾರು

ಹೆಂಡತಿಯ ಜೊತೆ ಜಗಳವಿಲ್ಲ, ಮಾತು ಬಿಟ್ಟಿಲ್ಲ, ಹೋಗಬೇಕಾದದ್ದೂ ಒಂದೇ ಊರಿಗೆ. ಆದರೂ ಆಕೆಯನ್ನು ಒಂದು ಬಸ್ಸಿಗೆ ಹತ್ತಿಸಿ ತಾನು ಮುಂದಿನ ಬಸ್ಸಿಗೆ ಕಾಯುವ ಗಂಡನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಕಂಡಿಲ್ಲವೇ? ಹಾಗಾದರೆ ನೀವು ನಮ್ಮ ಮಾವನನ್ನು ಕಂಡಿಲ್ಲ! ಮಾವ ಎಂದರೆ ನನ್ನ ಅಕ್ಕನ ಗಂಡ. ನಮ್ಮ ಕಡೆ ಹಾಗೇ ಕರೆಯುವುದು. ಬಸವಕಲ್ಯಾಣದಲ್ಲಿ ವಿಜ್ಞಾನದ ಮಾಸ್ತರು. ನಮ್ಮ ಮನೆ ಹುಮನಾಬಾದಿನಲ್ಲಿ. ನಡುವಿನ ದಾರಿ ಬಸ್ಸಿಗೆ ಒಂದು ಗಂಟೆಯದು. ಮಾವನ ಸಂಸಾರಕ್ಕೆ ಮಾತ್ರ ಅರ್ಧ ದಿನದ್ದು.

ಇದು ಶುರುವಾದದ್ದು ಅವರಿಗೆ ಮಗಳು ಹುಟ್ಟಿದ ಮೇಲೆ. ತೊಟ್ಟಿಲು ಹಾಕುವ ದಿನ, ಬಂದ ಹೆಂಗಸರೆಲ್ಲ ಜೋಗುಳ ಹಾಡುತ್ತಿದ್ದರೆ ಮಾವ ನನ್ನನ್ನು ಮೂಲೆಗೆ ಕರೆದು ಕೇಳಿದರು: "ತಮ್ಮಾ, ನಾ ಮತ್ತ ನಿಮ್ಮಕ್ಕ ಒಂದ ಬಸ್ಸಿನ್ಯಾಗ ಹೊಂಟೀವಿ ಅಂತ ತಿಳಕೊ. ಆ ಬಸ್ಸು ಉರುಳಿತಂದ್ರ ಈ ಕೂಸಿನ ಗತಿ ಏನು?" ತೊಟ್ಟಿಲ ಮನೆಯಲ್ಲಿ ಆಡುವ ಮಾತೇ ಇದು! ಆವತ್ತೇ ನಿರ್ಧಾರವಾಯಿತು: ಗಂಡ ಹೆಂಡತಿ ಬೇರೆ ಬೇರೆ ಬಸ್ಸು. ಇನ್ನು ಕೂಸು? ಇಬ್ಬರಲ್ಲಿ ಯಾರ ಜೊತೆ ಕೂತರೂ ಆ ಬಸ್ಸಿಗೆ ಏನಾದರೂ ಆದರೆ ಎಂದು ಲೆಕ್ಕ ಹಾಕಿ, ಅದಕ್ಕೆ ಮೂರನೆಯ ಬಸ್ಸು ಗೊತ್ತುಮಾಡಿದರು. ಕೂಸನ್ನು ಹಿಡಿದುಕೊಂಡು ಕೂಡುವ ಕೆಲಸ ನನ್ನದು.

"ಮಾವ, ನಮ್ಮ ಬಸ್ಸು ಉರುಳಿದ್ರ?" ಎಂದೆ.

ಮಾವ ಬಹಳ ಹೊತ್ತು ಯೋಚಿಸಿದರು. "ನೀ ನಡುವಿನ ಸೀಟಿನ್ಯಾಗ ಕೂಡು. ಖಿಡಕಿ ಬಾಜೂಕ ಬ್ಯಾಡ," ಎಂದರು. ನನ್ನ ಪ್ರಾಣಕ್ಕೆ ಅಷ್ಟೇ ಬಂದೋಬಸ್ತು.

ಯಾವುದೂ ಒಂದರ ಮೇಲೆ ನಿಂತಿರಬಾರದು ಎನ್ನುವುದು ಅವರ ಧರ್ಮ. ಪ್ಯಾಂಟಿಗೆ ಬೆಲ್ಟು, ಬೆಲ್ಟಿನ ಕೆಳಗೆ ಲಾಡಿ. ಮನೆಯಲ್ಲಿ ಎರಡು ಕಂದೀಲು, ಎರಡು ಛತ್ರಿ, ಕಣ್ಣಿಗೆ ಹಾಕುವ ಚಾಳೀಸೂ ಎರಡು. ಶಾಲೆಯಲ್ಲಿ ಸ್ಪಿರಿಟ್ ದೀಪ ಹಚ್ಚಬೇಕಾದರೆ ಒಂದು ಪಕ್ಕಕ್ಕೆ ಉಸುಕಿನ ಬಕೀಟು, ಇನ್ನೊಂದು ಪಕ್ಕಕ್ಕೆ ನೀರಿನ ಬಕೀಟು, ಬಾಗಿಲ ಬಳಿ ಜವಾನ. ಅಷ್ಟೆಲ್ಲ ಆಗುವುದರೊಳಗೆ ಗಂಟೆ ಬಾರಿಸಿ, ದೀಪವನ್ನೇ ಕಾಣದೆ ಹತ್ತನೇ ತರಗತಿ ಪಾಸಾದವರು ಕಲ್ಯಾಣದ ತುಂಬ ಇದ್ದಾರೆ. ಮನೆಯ ಬಾಗಿಲಿಗೂ ಎರಡು ಬೀಗ. ಒಂದು ಕೀಲಿಕೈ ಅವರ ಹತ್ತಿರ, ಇನ್ನೊಂದು ಅಕ್ಕನ ಹತ್ತಿರ. ಇಬ್ಬರೂ ಬೇರೆ ಬೇರೆ ಬಸ್ಸಲ್ಲವೇ? ಹೀಗಾಗಿ ಮೊದಲು ಮನೆ ಮುಟ್ಟಿದ ಅಕ್ಕ ಒಂದು ಬೀಗ ತೆಗೆದು, ಇನ್ನೊಂದನ್ನು ನೋಡುತ್ತ ಕಟ್ಟೆಯ ಮೇಲೆ ಕೂತಿರುತ್ತಿದ್ದಳು.

ಒಮ್ಮೆ ಹಳ್ಳಿಖೇಡದಲ್ಲಿ ಬಂಧುಗಳ ಮದುವೆ. ಅಕ್ಕ ಹೊತ್ತಿಗೆ ಸರಿಯಾಗಿ ಬಂದಳು. ಮಾವ ಅಕ್ಷತೆ ಬೀಳುವಾಗ ಬಂದರು. ಸಕ್ಕರೆ ಕಾರ್ಖಾನೆಯ ಕಬ್ಬಿನ ಲಾರಿಗಳ ಸಾಲಿನಲ್ಲಿ ಸಿಕ್ಕಿಕೊಂಡಿದ್ದ ನಾನೂ ಕೂಸೂ ಬಂದಾಗ ಎಲೆ ಎತ್ತುತ್ತಿದ್ದರು. ಇದನ್ನೆಲ್ಲ ನೋಡಿದ ದೊಡ್ಡವ್ವನೊಬ್ಬಳು ಸುಮ್ಮನಿದ್ದಾಳೆಯೇ? ಗಂಡ ಹೆಂಡತಿ ಇಬ್ಬರನ್ನೂ ಕೋಣೆಗೆ ಕರೆದೊಯ್ದು ಜೋಳದ ಚೀಲದ ಮೇಲೆ ಕೂಡಿಸಿದಳು.

"ಸಂಸಾರ ಅಂದಮ್ಯಾಗ ಒಂದ ಮಾತು ಬರ್ತದ, ಹೋಗ್ತದ. ಅದಕ್ಕ ಮೂರು ಬಸ್ಸು ಮಾಡ್ತಾರೇನವಾ? ತಗೋರಿ, ಒಬ್ಬರಿಗೊಬ್ಬರು ತಿನಸ್ರಿ," ಎಂದು ಇಬ್ಬರ ಕೈಗೂ ಲಾಡು ಕೊಟ್ಟಳು.

ಮಾವ ಲಾಡನ್ನು ಅಕ್ಕನ ಬಾಯಿಯ ತನಕ ಒಯ್ದು ತಡೆದರು. "ಮೊದಲ ನೀರು ತರಸ್ರಿ. ಗಂಟಲಿಗಿ ಸಿಕ್ಕೀತು!"

ಅಕ್ಕ ಅಲ್ಲಿ ನಕ್ಕಳು. ಆದರೆ ಹಿಂದಿರುಗುವಾಗ ಬಸ್ ನಿಲ್ದಾಣದಲ್ಲಿ ನನಗೊಬ್ಬನಿಗೇ ಕೇಳುವಂತೆ ಹೇಳಿದಳು: "ಒಂದ ಸಲ, ಬರೇ ಒಂದ ಸಲ, ಇವರ ಬಾಜೂಕ ಕುಂತು ಊರಿಗಿ ಹೋಗಬೇಕು ನೋಡು. ಜನಾ ಹೋಗ್ತಾರಲ್ಲ, ಹಾಂಗ." ನಗುವಿನ ಮಾತಲ್ಲ ಅದು.

ಇಂಥವರಿಗೆ ಹಿಡಿದ ಹುಚ್ಚಾದರೂ ಯಾವುದು? ವಿಮಾನದ್ದು! ಬೀದರದ ತರಬೇತಿ ವಿಮಾನಗಳು ನಮ್ಮ ನೆತ್ತಿಯ ಮೇಲೇ ಗಿರಕಿ ಹೊಡೆಯುತ್ತವೆ. ಮಾವ ಕತ್ತೆತ್ತಿ ನೋಡುವುದು, "ಒಂದ ಎಂಜಿನ್ನಿಂದು. ನಿಂತ್ರ?" ಎಂದು ಬೆವರುವುದು, ಮತ್ತೆ ನೋಡುವುದು. ಹೆದರಿದವರ ಮೇಲೆ ಕಪ್ಪೆ ಎಸೆದ ಹಾಗೆ, ದುಬೈನಿಂದ ಬಂದ ಗೆಳೆಯನೊಬ್ಬ ಒಂದು ಪುಟ್ಟ ಎಂಜಿನ್ನು, ನೆಲದ ಮೇಲೆ ನಿಂತು ವಿಮಾನ ನಡೆಸುವ ರೇಡಿಯೊ ಡಬ್ಬಿ, ಒಂದಿಷ್ಟು ಪುಟ್ಟ ಮೋಟಾರು ತಂದುಕೊಟ್ಟ. ಅಲ್ಲಿಂದ ಮಾವ ಆಟದ ವಿಮಾನ ಕಟ್ಟಲು ಕೂತರು, ಮನೆಯ ತುಂಬ ಕಟ್ಟಿಗೆಯ ಪುಡಿ, ಅಂಟು. ಎಂಜಿನ್ನಿಗೆ ಸ್ಪಿರಿಟ್ಟಿನ ಜೊತೆ ಔಡಲೆಣ್ಣೆ, ಅಂದರೆ ಹರಳೆಣ್ಣೆ, ಬೇಕಂತೆ. ಕೂಸಿಗೆ ಕುಡಿಸಲು ಇಟ್ಟಿದ್ದ ಔಡಲೆಣ್ಣೆ ವಿಮಾನದ ಪಾಲಾದಾಗ ಸಂತೋಷಪಟ್ಟದ್ದು ಕೂಸು ಒಂದೇ.

ಈಗ ಸ್ವಲ್ಪ ವಿಜ್ಞಾನ ಕೇಳಬೇಕು. ವಿಮಾನದ ಬಾಲಕ್ಕೆ ಅಡ್ಡಲಾಗಿ ಒಂದು ಸಣ್ಣ ರೆಕ್ಕೆ. ಅದರ ಹಿಂಬದಿಗೆ ಕೀಲು ಹಾಕಿ ಕೂಡಿಸಿದ ಎರಡು ಹಲಗೆ, ಎಡಕ್ಕೊಂದು, ಬಲಕ್ಕೊಂದು. ಎಲಿವೇಟರ್ ಎನ್ನುತ್ತಾರೆ. ಎರಡೂ ಮೇಲೆದ್ದರೆ ವಿಮಾನದ ಮೂಗು ಮೇಲೆ, ಎರಡೂ ಬಾಗಿದರೆ ಮೂಗು ಕೆಳಗೆ. ಲೋಕದ ಜನ ಎರಡು ಹಲಗೆಗೂ ಸೇರಿಸಿ ಒಂದು ಗಟ್ಟಿ ತಂತಿ, ನಮ್ಮ ಮಾತಿನಲ್ಲಿ ತಾರು, ತೂರಿಸಿ, ಒಂದೇ ಮೋಟಾರಿನಿಂದ ಆಡಿಸುತ್ತಾರೆ. ನಮ್ಮ ಮಾವ ಬಿಟ್ಟಾರೆಯೇ? "ಆ ಒಂದ ತಾರು ಮುರೀತಂದ್ರ ಎರಡೂ ಹೋಗ್ತಾವ. ಬ್ಯಾರೆ ಬ್ಯಾರೆ ಇದ್ರ ಒಂದಾದ್ರೂ ಉಳೀತದ," ಎಂದು ಎರಡಕ್ಕೆ ಎರಡು ಮೋಟಾರು, ಎರಡು ಬಿದಿರು ಕಡ್ಡಿ ಹಾಕಿದರು.

ದೀಪಾವಳಿಗೆ ಮೊದಲು, ಉದ್ದು ಕಿತ್ತ ಹೊಲವೊಂದರಲ್ಲಿ ಹಾರಿಸಿದರು. ನೆಲ ಬಿಟ್ಟಿದ್ದು ನಿಜ. ಆಮೇಲೆ ಒಂದು ಹಲಗೆ ಎದ್ದಿತು, ಇನ್ನೊಂದು "ನೀ ಮುಂದ ನಡಿ, ನಾ ಬರ್ತೀನಿ" ಅಂದಿತು. ವಿಮಾನ ಮಗ್ಗುಲಾಗಿ ಹೊರಳಿ, ಹೊಟ್ಟೆ ಮೇಲೆ ಮಾಡಿಕೊಂಡು, ದನಕ್ಕೆ ಹಾಕುವ ಜೋಳದ ಕಣಿಕೆಯ ಬಣವೆಯಲ್ಲಿ ಮೂಗು ತೂರಿಸಿತು. ಹೊಲದ ಗೌಡರು ಓಡಿ ಬಂದರು.

"ಮಾಸ್ತರ, ಹಸದಿತ್ತೇನ್ರಿ ಅದು? ಹೇಳಿದ್ರ ನಾವ ಕಣಕಿ ಹಾಕ್ತಿದ್ವಲ್ಲ!"

ಮಾವ ಬಿಳುಚಿಕೊಂಡಿದ್ದರು. ಅಕ್ಕ ಚೂರುಗಳನ್ನು ಆಯುತ್ತ ನಿಧಾನವಾಗಿ ಹೇಳಿದಳು: "ಯಾಕ ಬಿತ್ತು ಅಂತ ನನಗ ಗೊತ್ತದ ಬಿಡ್ರಿ. ಎರಡೂ ಬ್ಯಾರೆ ಬ್ಯಾರೆ ಬಸ್ಸಿನ್ಯಾಗ ಹೊಂಟಿದ್ವು."

ದೀಪಾವಳಿಗೆ ತವರಿಗೆ ಬಂದ ಅಕ್ಕ ಹಬ್ಬ ಮುಗಿದರೂ ಹೊರಡಲಿಲ್ಲ. ಕರೆಯಲು ಬಂದ ಮಾವನಿಗೆ ಅಂಗಳದಲ್ಲೇ ಹೇಳಿದಳು: "ಎರಡೂ ಹಲಗಿಗಿ ಒಂದ ತಾರು ಹಾಕ್ರಿ. ಎಳ್ಳ ಅಮಾಸಿ ದಿನ ಹಾರಸ್ರಿ. ಹಾರಿ ಸುಖರೂಪ ಇಳೀತಂದ್ರ ನನ್ನ ಬಾಜೂಕ ಕುಂತು ಕರ್ಕೊಂಡು ಹೋಗ್ರಿ. ಅಲ್ಲೀತನಕ ನಾ ಇಲ್ಲೇ."

"ಬಿತ್ತಂದ್ರ?"

"ಬಿತ್ತಂದ್ರ ಜೀವ ಇರೋತನಕ ಬ್ಯಾರೆ ಬಸ್ಸು. ನಾ ಬಾಯಿ ತೆಗೆಯಂಗಿಲ್ಲ."

ಅವ್ವನಿಗೆ ದಿಗಿಲು ಹತ್ತಿತು. ಗಿರಣಿಯಲ್ಲಿ ಹಿಟ್ಟಿಗೆ ಸರದಿ ನಿಂತ ಹೆಂಗಸರು, "ಮಗಳು ಇನ್ನಾ ಇಲ್ಲೇ ಅದಾಳಲ್ಲ?" ಎಂದು ಕೇಳುತ್ತಿದ್ದರಂತೆ. ಅವ್ವ ಗಿರಣಿಗೆ ಹೋಗುವುದನ್ನೇ ಬಿಟ್ಟಳು. ಧಾನ್ಯದ ಗಂಜು ಪೇಟೆಯ ಅಂಗಡಿಯಲ್ಲಿ ಗುಮಾಸ್ತನಾಗಿದ್ದ ನಾನು ತಲೆಯ ಮೇಲೆ ಜೋಳದ ಬುಟ್ಟಿ ಹೊತ್ತು ಹೋಗಬೇಕಾಯಿತು. ನನಗೂ ಫಿಕರು ಕಡಿಮೆಯೇನಿರಲಿಲ್ಲ. ಒಂದು ಸಂಸಾರ ಹೋಗಿ ಹೋಗಿ ಔಡಲೆಣ್ಣೆ ಕುಡಿಯುವ ಆಟಿಗೆಯ ಬಾಲಕ್ಕೆ ಜೋತುಬಿದ್ದರೆ ಯಾರಿಗೆ ನಿದ್ದೆ ಬರುತ್ತದೆ?

ದೀಪಾವಳಿಯಾಗಿ ಎರಡು ತಿಂಗಳಿಗೆ ಬರುವ ಎಳ್ಳ ಅಮಾವಾಸ್ಯೆಯ ಹಿಂದಿನ ದಿನ ಮಾವ ಬಂದರು. ಬಸ್ಸಿನಲ್ಲಿ ಅವರ ತೊಡೆಯ ಮೇಲೆ ಪಂಜೆಯಲ್ಲಿ ಸುತ್ತಿದ ಗಂಟು. ಕಂಡಕ್ಟರು ಏನೆಂದು ಕೇಳಿದನಂತೆ. "ಬಾಲ," ಎಂದರಂತೆ. "ಉಳಿದದ್ದು?" "ಹಿಂದಿನ ಬಸ್ಸಿಗಿ ಬರಾಕತ್ತದ." ಸುಳ್ಳಲ್ಲ. ಹುಮನಾಬಾದಿಗೆ ಬರುವ ಇನ್ನೊಬ್ಬ ಮಾಸ್ತರರ ಕೈಗೆ ವಿಮಾನದ ಮುಂಡ ಕೊಟ್ಟು ಬಂದಿದ್ದರು!

ಊಟವಾದ ಮೇಲೆ ಪಡಸಾಲೆಯಲ್ಲಿ ಕೆಲಸಕ್ಕೆ ಕೂತರು. ಸೈಕಲ್ ಚಕ್ರದ ಉಕ್ಕಿನ ಕಡ್ಡಿಯೊಂದನ್ನು ಇಕ್ಕಳದಲ್ಲಿ ಹಿಡಿದು ಎರಡು ತುದಿಗಳನ್ನೂ ಒಂದೇ ದಿಕ್ಕಿಗೆ ಬಗ್ಗಿಸಿದರು. ಒಂದು ತುದಿ ಎಡ ಹಲಗೆಯೊಳಕ್ಕೆ, ಇನ್ನೊಂದು ಬಲ ಹಲಗೆಯೊಳಕ್ಕೆ. ಎರಡೂ ಒಂದೇ ಮಟ್ಟಕ್ಕಿರಬೇಕು. ಕೂದಲೆಳೆಯಷ್ಟು ತಪ್ಪಿದರೂ ವಿಮಾನ ಹೊರಳುತ್ತದೆ. ಅಕ್ಕ ರೊಟ್ಟಿ ಬಡಿಯುವ ಹಲಗೆ ತಂದು ಬಾಲವನ್ನು ಅದರ ಮೇಲಿಟ್ಟು, ಅಂಟು ಆರುವ ತನಕ ಬಾಲದ ಹಲಗೆ ಎರಡನ್ನೂ ಅಂಗೈಯಲ್ಲಿ ಒತ್ತಿ ಹಿಡಿದಳು. ಆರಿದ ಮೇಲೆ ಮಾವ ಒಂದು ಹಲಗೆಯನ್ನು ಬೆರಳಿನಿಂದ ಎತ್ತಿದರು. ಇನ್ನೊಂದು ಬರಾಬರ ಜೊತೆಗೇ ಎದ್ದಿತು. ನಾನು ಶಹಬ್ಬಾಸ್ ಎಂದೆ. ಮಾವನ ಮುಖ ಅರಳಲಿಲ್ಲ.

"ಈ ಒಂದ ತಾರು ಮುರೀತಂದ್ರ ಎರಡೂ ಹೋಗ್ತಾವ," ಎಂದರು, ಮತ್ತೆ ಅದೇ ರಾಗ.

"ಹೋಗಲಿ ಬಿಡ್ರಿ," ಎಂದಳು ಅಕ್ಕ. "ಹೋದ್ರ ಕೂಡೇ ಹೋಗಲಿ."

ಮಾವ ಇಕ್ಕಳ ಕೆಳಗಿಟ್ಟರು. ಅವರು ತಬ್ಬಲಿಯೆಂದೂ ಸೋದರತ್ತೆಯೊಬ್ಬಳ ಮನೆಯಲ್ಲಿ ಬೆಳೆದವರೆಂದೂ ನಮಗೆಲ್ಲ ಗೊತ್ತಿತ್ತು. ಹೇಗೆ ತಬ್ಬಲಿಯಾದರೆಂದು ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

"ಘಾಟಬೋರಾಳಕ್ಕ ಬೀಗರ ಮನೀಗಿ ಹೋಗೋದಿತ್ತು," ಎಂದರು. "ಅವ್ವ ಒಬ್ಬಾಕೀನೇ ಹೋಗಾಕಿ ಇದ್ಳು. ನನಗ ಜ್ವರ. ಅಪ್ಪ ನನ್ನ ಹಂತೇಲಿ ಇರ್ತೀನಿ ಅಂದಿದ್ದ. ಕಡೀಗಿ ಏನ ಮನಸಿಗಿ ಬಂತೋ, ನನ್ನ ಅತ್ತೀ ಕಡೆ ಬಿಟ್ಟು ಇಬ್ಬರೂ ಒಂದ ಬಂಡ್ಯಾಗ ಹೋದ್ರು. ಬರೋ ಮುಂದ ಹಳ್ಳ ತುಂಬಿ ಬಂತು." ತಾರಿನ ಮೇಲೆ ಬೆರಳಾಡಿಸಿ, "ಇಬ್ಬರೊಳಗ ಒಬ್ಬರು ಹಿಂದ ಬಂದಿದ್ರ ಸಾಕಿತ್ತು," ಎಂದರು.

ಎರಡು ವರ್ಷ ಮೂರು ಬಸ್ಸುಗಳ ಬಗ್ಗೆ ಊರಿಗೆಲ್ಲ ಹೇಳಿ ನಗಿಸಿದವನು ನಾನು. ಅಕ್ಕ ಪಣವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾಳೆ ಎಂದುಕೊಂಡೆ. ಆದರೆ ಬಾಲವನ್ನು ಮುಂಡಕ್ಕೆ ಮೊದಲು ಹಿಡಿದವರು ಮಾವನೇ. "ಇಲ್ಲಿ ಹಿಡಿ," ಎಂದರು. ಅಕ್ಕ ಹಿಡಿದಳು.

ಎಳ್ಳ ಅಮಾವಾಸ್ಯೆಗೆ ನಮ್ಮಲ್ಲಿ ಊರಿಗೆ ಊರೇ ಹೊಲದಲ್ಲಿರುತ್ತದೆ. ನಾವೂ ಕಾಳು ತರಕಾರಿ ಬೆರೆಸಿ ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಕಟ್ಟಿಕೊಂಡು ನಂಟರ ಹೊಲಕ್ಕೆ ಹೋದೆವು. ಪಕ್ಕದಲ್ಲಿ ಬೀಳುಬಿದ್ದ ನೆಲವಿತ್ತು. ಮಾವ ಗಾಳಿ ಬೀಸಿದರೆ "ಗಾಳಿ ಅದ" ಎಂದರು, ಗಾಳಿ ನಿಂತರೆ "ಈಗ ಬೀಸ್ತದ" ಎಂದರು. ಕಡೆಗೆ ಕಣ್ಣು ಮುಚ್ಚಿ ತೆಗೆದು ಡಬ್ಬಿಯ ಕಡ್ಡಿಯನ್ನು ಹಿಂದಕ್ಕೆಳೆದರು. ಎರಡು ಹಲಗೆಗಳೂ ಒಟ್ಟಿಗೆ ಎದ್ದವು. ವಿಮಾನ ನೇರವಾಗಿ, ಜಂಬದಿಂದ, ಔಡಲೆಣ್ಣೆಯ ಹೊಗೆ ಬಿಡುತ್ತ ಮೇಲೇರಿತು! ಅಕ್ಕಪಕ್ಕದ ಹೊಲದವರು ರೊಟ್ಟಿ ಕೈಯಲ್ಲಿ ಹಿಡಿದೇ ಎದ್ದು ನಿಂತರು. ಅವ್ವ ಮಾತ್ರ ಭಜ್ಜಿಯ ಪಾತ್ರೆಯ ಮೇಲೆ ಮುಚ್ಚಳ ಹಾಕಿ, ಮುಚ್ಚಳದ ಮೇಲೆ ತನ್ನ ಎರಡೂ ಕೈ ಇಟ್ಟು ಕೂತಿದ್ದಳು.

ಆಮೇಲೆ ಎಂಜಿನ್ನು ನಿಂತಿತು. ಮಾವ ಜೀವಮಾನವಿಡೀ ಹೆದರಿದ್ದ ಸದ್ದಿಲ್ಲದ ಆಕಾಶ ಅದು. ಡಬ್ಬಿಯ ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದರು. ಇಷ್ಟಿಷ್ಟೇ ಎಳೆದರು, ಬಿಟ್ಟರು, ಎಳೆದರು. ವಿಮಾನ ತೂಗಾಡದೆ ಇಳಿಯಿತು, ನೆಲ ಮುಟ್ಟಿತು, ಒಂದು ಗಾಲಿ ಕಳಚಿ, ಹೆಂಟೆಯೊಂದಕ್ಕೆ ತಾಗಿ ನಿಂತಿತು. ಮಾವ ಓಡಿಹೋಗಿ ಗಾಲಿಯನ್ನು ನೋಡಲಿಲ್ಲ, ಬಾಲವನ್ನು ಎತ್ತಿ ನೋಡಿದರು. ತಾರು ಹಾಗೇ ಇತ್ತು.

"ಊರಿಗಿ ಹೋಗಾಕ ಗಂಟು ಕಟ್ಟಲೇನ್ರಿ?" ಎಂದಳು ಅಕ್ಕ. ಅವಳ ಕಣ್ಣು ತುಂಬಿತ್ತು.

ಮರುದಿನ ಬಸ್ ನಿಲ್ದಾಣದಲ್ಲಿ ಅಕ್ಕ ಹತ್ತಿ ಇಬ್ಬರು ಕೂಡುವ ಸೀಟು ಹಿಡಿದಳು. ಮಾವ ಮೆಟ್ಟಿಲ ಮೇಲೆ ಕಾಲಿಟ್ಟರು, ಕೆಳಗಿಳಿಸಿದರು. ಮಗಳನ್ನು ತಂದು ನನ್ನ ಕೈಗೆ ಕೊಟ್ಟರು. "ನೀವಿಬ್ಬರು ಹಿಂದಿನ ಬಸ್ಸಿಗಿ ಬರ್ರಿ. ಇಷ್ಟು ಒಂದು ನಡಸಿಕೊಡು, ತಮ್ಮಾ." ಅಕ್ಕ ಕಿಟಕಿಯಿಂದ ನೋಡಿ ಆಗಲಿ ಎಂದು ತಲೆಯಾಡಿಸಿದಳು.

"ಮಾಸ್ತರ, ಹತ್ತತೀರೋ, ಇಲ್ಲ ಇದಕ್ಕೂ ಬಾಲ ಜೋಡಸಾಕತ್ತೀರೋ?" ಎಂದ ಮೊನ್ನೆಯ ಅದೇ ಕಂಡಕ್ಟರು.

ಮಾವ ಹತ್ತಿದರು.

ನಾನು ಹಿಂದಿನ ಬಸ್ಸಿನಲ್ಲಿ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ನಡುವಿನ ಸೀಟಿನಲ್ಲಿ ಕೂತೆ. ಎರಡು ವರ್ಷದಲ್ಲಿ ಎಷ್ಟು ಸಲ ಹೀಗೆ ಕೂತಿಲ್ಲ! ಆವತ್ತು ಮಾತ್ರ ಜೀವ ಕೈಗೆ ಬಂದಿತ್ತು. ಎದುರಿನಿಂದ ಲಾರಿ ಬಂದರೆ ಎದೆ ಧಸಕ್. ಒಂದು ಕಡೆ ರಸ್ತೆಯ ಪಕ್ಕ ಜನ ಗುಂಪುಗಟ್ಟಿದ್ದು ಕಂಡು ಸೀಟಿನಿಂದ ಅರ್ಧ ಎದ್ದುಬಿಟ್ಟೆ. ಟ್ರ್ಯಾಕ್ಟರಿನಿಂದ ಬಿದ್ದ ಕಬ್ಬು ಆಯುತ್ತಿದ್ದರು. ಹಳ್ಳದ ಸೇತುವೆ ಬಂದಾಗ ಆ ಪೂಲಿನ ಮೇಲಿಂದ ಬಗ್ಗಿ ಕೆಳಗೆ ನೋಡಿದೆ. ನೀರಿನ ಹನಿ ಇರಲಿಲ್ಲ. ಕೂಸು ನಿಶ್ಚಿಂತೆಯಿಂದ ನನ್ನ ಎದೆಗೊರಗಿ ನಿದ್ದೆ ಮಾಡುತ್ತಿತ್ತು. ಇಷ್ಟು ಭಾರವನ್ನು ಮಾವ ಇಷ್ಟು ವರ್ಷ ಒಬ್ಬರೇ ಹೊತ್ತಿದ್ದರಲ್ಲ ಅನಿಸಿತು.

ಕಲ್ಯಾಣದ ನಿಲ್ದಾಣದಲ್ಲಿ ಇಬ್ಬರೂ ನಿಂತಿದ್ದರು. ಮಾವ ಓಡಿ ಬಂದು ಮಗಳನ್ನು ಎತ್ತಿಕೊಂಡು ಮುಂದೆ ನಡೆದರು. ನಾನು ಅಕ್ಕನ ಕೈ ನೋಡಿ ಗಾಬರಿಯಾದೆ. ಮುಂಗೈ ಕೆಂಪಾಗಿತ್ತು, ಹೊಸ ಗಾಜಿನ ಬಳೆಗಳಲ್ಲಿ ಅರ್ಧ ಇರಲಿಲ್ಲ.

"ಏನಾಯ್ತಕ್ಕಾ? ಬಳಿ ಹ್ಯಾಂಗ ಒಡದ್ವು?"

"ಹಳ್ಳದ ಪೂಲು ಬಂತಲ್ಲ, ಆವಾಗ ಕೈ ಹಿಡದ್ರು," ಎಂದಳು ಅಕ್ಕ. "ಊರು ಬರೋತನಕ ಬಿಡಲಿಲ್ಲ."

ಒಡೆದ ಚೂರುಗಳನ್ನೆಲ್ಲ ಆರಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದಳು.