ಚಿಕ್ಕಪ್ಪನ ಸ್ವಾಗತ ಪುಟ

ನಮ್ಮ ಚಿಕ್ಕಪ್ಪನ ಮನೆಯಲ್ಲಿ ಕಾಫಿ ಕುಡಿದ ಲೋಟವನ್ನು ಸುಮ್ಮನೆ ಕೆಳಗಿಡುವ ಧೈರ್ಯ ಯಾರಿಗೂ ಇಲ್ಲ. ಅದು ಯಾರದು, ಎಷ್ಟು ಹೊತ್ತು ಅಲ್ಲಿರುತ್ತದೆ, ಯಾವಾಗ ತೆಗೆಯುತ್ತೀರಿ ಎಂದು ಕೇಳಿಬಿಡುತ್ತಾರೆ!

ತಪ್ಪು ಅವರದಲ್ಲ, ಅವರ ಪಾಠದ್ದು. ಚಿತ್ರದುರ್ಗದ ಕಾಲೇಜೊಂದರಲ್ಲಿ ವೆಬ್ ಪುಟ ಕಟ್ಟುವುದನ್ನು ಕಲಿಸುತ್ತಾರೆ. ಪುಟಕ್ಕೆ ಬಂದವರ ಹೆಸರನ್ನು ಸರ್ವರ್‌ನಲ್ಲಿ ಇಡಲು ‘ಸೆಟ್’ ಎಂಬ ಟ್ಯಾಗ್, ತೆಗೆಯಲು ‘ರಿಮೂವ್’. ಇಟ್ಟದ್ದು ಆ ಒಂದು ಪುಟಕ್ಕೋ, ಒಬ್ಬರ ಭೇಟಿ ಮುಗಿಯುವವರೆಗೋ, ಬಂದವರೆಲ್ಲರಿಗೋ ಎಂದು ಹೇಳುವುದೇ ಸ್ಕೋಪ್. ಇದನ್ನವರು ಅಡುಗೆಮನೆಗೂ ತಂದರು. ಒಮ್ಮೆ ಚಿಕ್ಕಮ್ಮ ಮುದ್ದೆ ಬಡಿಸುತ್ತಾ ಕೇಳಿದರು: “ನನ್ ಸಿಟ್ಟು ಯಾವ ಸ್ಕೋಪ್‌ನಾಗೆ ಐತೆ ಅಂತ ಗೊತ್ತೈತೇನ್ರಿ?” ಆ ದಿನ ಪಾತ್ರೆಗಳನ್ನೆಲ್ಲ ಚಿಕ್ಕಪ್ಪನೇ ತೊಳೆದರಂತೆ.

ಇಂಥವರು ಹೊಸ ಮನೆ ಕಟ್ಟಿಸಿದರು. ಹೊಳಲ್ಕೆರೆಯಲ್ಲಿರುವ ಅವರ ಅಣ್ಣ, ನಮ್ಮ ದೊಡ್ಡಪ್ಪ, ಬಾಗಿಲು ಪೂರ್ವಕ್ಕಿರಲಿ ಎಂದರು. ರಸ್ತೆ ಉತ್ತರಕ್ಕಿರುವಾಗ ಬಂದವರು ಪಕ್ಕದವರ ಹಿತ್ತಲಿನಿಂದ ನುಗ್ಗಬೇಕೇ ಎಂದು ಚಿಕ್ಕಪ್ಪ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಆದರೆ ಬೀಗರ ಮುಂದೆ ಕೇಳಬೇಕಿತ್ತೇ? ಆ ಹೊಸ್ತಿಲು ತುಳಿಯುವುದಿಲ್ಲವೆಂದು ಎದ್ದುಹೋದ ದೊಡ್ಡಪ್ಪ ಮಾತು ಬಿಟ್ಟರು. ಪುಣ್ಯಕ್ಕೆ ಮನೆಮಂದಿಯ ವಾಟ್ಸಾಪ್ ಗ್ರೂಪ್ ಬಿಡಲಿಲ್ಲ.

ಗೃಹಪ್ರವೇಶಕ್ಕೆ ಚಿಕ್ಕಪ್ಪ ಕಾರ್ಡ್ ಮಾಡಿಸಲಿಲ್ಲ, ವೆಬ್ ಪುಟ ಮಾಡಿದರು. ಅದು ಹೆಸರು ಕೇಳುತ್ತದೆ, ಹೇಳಿದರೆ ಹೆಸರು ಹಿಡಿದೇ ಕರೆಯುತ್ತದೆ. ಲಿಂಕನ್ನು ಗ್ರೂಪಿಗೆ ಹಾಕಿ ಸ್ನಾನಕ್ಕೆ ಹೋದರು. ಹೊರಬರುವಷ್ಟರಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಹಿರಿಯೂರಿನ ಅತ್ತೆ ತೆರೆದರೆ ‘ಬರ್ರಿ ರುದ್ರಪ್ಪನವರೇ’ ಎನ್ನುತ್ತದೆ ಪುಟ. ಹೊಸದುರ್ಗದ ಬೀಗರಿಗೂ ಅದೇ ಕರೆ. ರುದ್ರಪ್ಪನವರೆಂದರೆ ದೊಡ್ಡಪ್ಪ! ಅತ್ತೆಯಂತೂ ಮೀಸೆ ಬಂದಿದೆಯೇ ಎಂದು ಕನ್ನಡಿ ನೋಡಿಕೊಂಡರಂತೆ.

ಸಹಾಯಕ್ಕೆಂದು ಹೋಗಿದ್ದ ನಾನು ಕೋಡ್ ನೋಡಿದೆ. ಸ್ಕೋಪಿನ ಗುರುಗಳೇ ಸ್ಕೋಪ್ ತಪ್ಪಿದ್ದರು. ಒಬ್ಬರ ಭೇಟಿಗಷ್ಟೇ ಇರಬೇಕಾದ ಹೆಸರನ್ನು ಎಲ್ಲರಿಗೂ ಕಾಣುವಂತೆ ಇಟ್ಟಿದ್ದರು. ಹೆಸರಿನ ಜಾಗ ಖಾಲಿಯಿದ್ದರೆ ಮಾತ್ರ ಪುಟ ಕೇಳುತ್ತಿತ್ತು. ಹಾಗಾಗಿ ಮೊದಲು ಬಂದವರ ಹೆಸರೇ ಕೂತುಬಿಟ್ಟಿತು, ಮುಂದೆ ಬಂದ ಯಾರನ್ನೂ ಅದು ಕೇಳಲೇ ಇಲ್ಲ. ಒಂದು ಪದ ಬದಲಿಸಿದರೆ ಸರಿಹೋಗುತ್ತದೆ ಎಂದೆ.

ಚಿಕ್ಕಪ್ಪ ತಲೆ ಒರೆಸುವುದನ್ನು ನಿಲ್ಲಿಸಿದರು.

“ಅಂದ್ರೆ, ಎಲ್ಲಾರಿಗಿಂತ ಮೊದ್ಲು ಅಣ್ಣನೇ ಪುಟ ತೆಗ್ದು ನೋಡ್ಯಾನಲ್ಲೋ.”

ಸರಿಪಡಿಸಲೇ ಎಂದು ಕೇಳಿದೆ. ಬೇಡವೆಂದರು. ಒದ್ದೆ ತಲೆಯಲ್ಲೇ ಅಂಗಿ ತೊಟ್ಟು, ಎಲ್ಲಿಗೆಂದು ಹೇಳದೆ ಹೊರಟುಹೋದರು.

ಮಧ್ಯಾಹ್ನ ಗಾಬರಿಯಾದ ಚಿಕ್ಕಮ್ಮ ಚಿಕ್ಕಪ್ಪನಿಗೆ ಫೋನು ಮಾಡಿದರೆ, ಎತ್ತಿದವರು ದೊಡ್ಡಪ್ಪ.

“ತಮ್ಮ ಉಣ್ಣಾಕೆ ಕುಂತಾನೆ ಕಣಮ್ಮ. ಉಂಡ್ಮೇಲೆ ಇಬ್ರೂ ಬರ್ತೀವಿ.”